ಗಾಲ್ಫ್ ಮೈದಾನದ ಆಟಕ್ಕೆ ಬಾರದ ನೆಲದಲ್ಲಿ ಸ್ಥಳೀಯ ಸಸ್ಯಗಳನ್ನು ಮರಳಿ ತರುವುದು: ಎಲ್ಲಿಂದ ಆರಂಭಿಸಬೇಕು?

1. ಅಂಚಿನಹುಲ್ಲು (ಚರ್ಚೆ ಆರಂಭಿಸಿದವರು)

ಹದಿನೆಂಟು ಗುಳಿಗಳ ಗಾಲ್ಫ್ ಮೈದಾನವೊಂದರ ನಿರ್ವಹಣಾ ಸಮಿತಿಯಲ್ಲಿ ನಾನು ಎರಡು ವರ್ಷಗಳಿಂದ ಸದಸ್ಯನಾಗಿದ್ದೇನೆ. ಮೈದಾನದ ಒಟ್ಟು ವಿಸ್ತೀರ್ಣ 150 ಎಕರೆಯ ಆಸುಪಾಸಿನಲ್ಲಿದೆ. ಟೀ (ಮೊದಲ ಹೊಡೆತದ ಜಾಗ), ಫೇರ್‌ವೇ (ಗುಳಿಯತ್ತ ಸಾಗುವ ಕತ್ತರಿಸಿದ ಹುಲ್ಲಿನ ಹಾದಿ), ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮತ್ತು ಅವುಗಳ ಅಕ್ಕಪಕ್ಕದ ರಫ್ (ಉದ್ದ ಬಿಟ್ಟ ಒರಟು ಹುಲ್ಲು) ಬಿಟ್ಟರೆ, ಚೆಂಡು ಅಪರೂಪಕ್ಕೂ ಬಂದು ಬೀಳದ, ಆದರೂ ವಾರಕ್ಕೊಮ್ಮೆ ಯಂತ್ರ ಹರಿಯುವ 14 ಎಕರೆ ನೆಲ ನಮ್ಮಲ್ಲಿದೆ. ಆ ನೆಲದಲ್ಲಿ ಅಲ್ಲಿಯದೇ ಆದ ಹುಲ್ಲು, ಗಿಡ, ಹಕ್ಕಿ, ಕೀಟಗಳು ಮತ್ತೆ ನೆಲೆಯೂರುವಂತೆ ಮಾಡಬೇಕೆಂದು ನಾನು ಮುಂದಿಟ್ಟ ಪ್ರಸ್ತಾವಕ್ಕೆ ಸಮಿತಿಯು ಅಳೆದು ತೂಗಿ ಐದು ವರ್ಷಗಳ ಅವಕಾಶ ಕೊಟ್ಟಿದೆ.

ಈಗ ಎರಡು ಅಭಿಪ್ರಾಯಗಳಿವೆ. ನೆಲವನ್ನು ಉತ್ತು, ಹೊರಗಿನಿಂದ ಒಳ್ಳೆಯ ಮಣ್ಣು ತರಿಸಿ, ಕಾಡುಹೂಗಳ ಬೀಜದ ಮಿಶ್ರಣವನ್ನು ಬಿತ್ತಬೇಕೆಂದು ಕೆಲವರು ಹೇಳುತ್ತಾರೆ. ಯಂತ್ರ ನಿಲ್ಲಿಸಿ ಸುಮ್ಮನಿದ್ದರೆ ಪ್ರಕೃತಿ ತನ್ನ ದಾರಿ ತಾನೇ ನೋಡಿಕೊಳ್ಳುತ್ತದೆ ಎಂದು ಉಳಿದವರು ವಾದಿಸುತ್ತಾರೆ. ಎರಡರ ಬಗ್ಗೆಯೂ ನನಗೆ ಅನುಮಾನವಿದೆ. ಇಂಥ ಕೆಲಸವನ್ನು ಕೈಯಾರೆ ಮಾಡಿದವರು, ಮಾಡಿ ಕೈಸುಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

2. ಹುಲ್ಲುಕತ್ತರಿ

ಇಪ್ಪತ್ತೆರಡು ವರ್ಷಗಳಿಂದ ಗಾಲ್ಫ್ ಮೈದಾನಗಳ ಹುಲ್ಲನ್ನು ನೋಡಿಕೊಳ್ಳುವುದೇ ನನ್ನ ಕಸುಬು, ಆದ್ದರಿಂದ ಕೈಸುಟ್ಟುಕೊಂಡವರ ಪಟ್ಟಿಯಲ್ಲಿ ನನ್ನ ಹೆಸರನ್ನೇ ಮೊದಲು ಬರೆದುಕೊಳ್ಳಿ. ಹಿಂದೆ ನಾನಿದ್ದ ಒಂದು ಮೈದಾನದಲ್ಲಿ ಹನ್ನೊಂದನೆಯ ಗುಳಿಯ ಎಡಕ್ಕಿದ್ದ ಇಳಿಜಾರನ್ನು ಉತ್ತು ಹೂಬೀಜ ಬಿತ್ತಿದೆವು. ಮೊದಲ ವರ್ಷ ಇಡೀ ಇಳಿಜಾರು ಬಣ್ಣದ ಕಂಬಳಿ ಹೊದ್ದಂತೆ ಅರಳಿತು, ಸದಸ್ಯರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಎರಡನೆಯ ವರ್ಷ ಹೂವು ಅರ್ಧಕ್ಕಿಳಿಯಿತು. ಮೂರನೆಯ ವರ್ಷ ಅಲ್ಲಿದ್ದದ್ದು ಸೊಂಟದೆತ್ತರದ ಒರಟು ಹುಲ್ಲು ಮತ್ತು ದಪ್ಪ ಬೇರಿನ ಕಳೆಗಳು ಮಾತ್ರ.

ಬೀಜ ಮಾರಿದವರ ತಪ್ಪು ಅದಾಗಿರಲಿಲ್ಲ. ಹತ್ತಾರು ವರ್ಷ ನಾವೇ ಸುರಿದ ಗೊಬ್ಬರ, ಕತ್ತರಿಸಿ ಅಲ್ಲಲ್ಲೇ ಬಿಟ್ಟ ಹುಲ್ಲು, ಇವೆರಡೂ ಸೇರಿ ಆ ನೆಲವನ್ನು ಅತಿಯಾಗಿ ಕೊಬ್ಬಿಸಿದ್ದವು. ಬಡ ನೆಲದಲ್ಲಿ ಬದುಕಲು ಕಲಿತ ಕಾಡುಹೂಗಳು ಅಂಥ ಮಣ್ಣಿನಲ್ಲಿ ಸೊರಗಿ ಸಾಯುವುದಿಲ್ಲ. ಅದೇ ಮಣ್ಣನ್ನು ಅವುಗಳಿಗಿಂತ ಎಷ್ಟೋ ವೇಗವಾಗಿ ಬಳಸಿಕೊಳ್ಳುವ ಹುಲ್ಲಿನ ನೆರಳಿನಲ್ಲಿ ಉಸಿರುಕಟ್ಟಿ ಸಾಯುತ್ತವೆ. ಸಾರಜನಕವಾದರೂ ಕೆಲವು ವರ್ಷಗಳಲ್ಲಿ ತೊಳೆದುಹೋಗುತ್ತದೆ, ರಂಜಕ ಮಾತ್ರ ಮಣ್ಣಿಗೆ ಕಚ್ಚಿಕೊಂಡು ದಶಕಗಳ ಕಾಲ ಉಳಿಯುತ್ತದೆ. ಹೀಗಾಗಿ ಹೊರಗಿನಿಂದ ಒಳ್ಳೆಯ ಮಣ್ಣು ತರಿಸುವ ಯೋಚನೆಯನ್ನು ಇವತ್ತೇ ಕೈಬಿಡಿ. ನಿಮ್ಮ ನೆಲಕ್ಕೆ ಬೇಕಿರುವುದು ಉಪವಾಸ.

ನಾನು ಈಗ ಅನುಸರಿಸುವ ಕ್ರಮ ಹೀಗಿದೆ. ಮೊದಲ ಎರಡು ಮೂರು ವರ್ಷ ಬಿತ್ತನೆಯ ಮಾತೇ ಇಲ್ಲ. ಗೊಬ್ಬರ ಮತ್ತು ನೀರನ್ನು ನಿಲ್ಲಿಸುತ್ತೇವೆ, ವರ್ಷಕ್ಕೆ ಎರಡು ಮೂರು ಬಾರಿ ಹುಲ್ಲನ್ನು ಕತ್ತರಿಸುತ್ತೇವೆ, ಕತ್ತರಿಸಿದ ಪ್ರತಿಯೊಂದು ಹಿಡಿ ಹುಲ್ಲನ್ನೂ ಅಲ್ಲಿಂದ ಹೊರಗೆ ಸಾಗಿಸುತ್ತೇವೆ. ಯಂತ್ರ ನಿಲ್ಲಿಸಿ ಸುಮ್ಮನಿರಬೇಕೆನ್ನುವವರು ಇದನ್ನು ಗಮನಿಸಬೇಕು: ಕೊಬ್ಬಿದ ನೆಲದಲ್ಲಿ ಸುಮ್ಮನಿದ್ದರೆ ಬೆಳೆಯುವುದು ಒತ್ತಾದ ಹುಲ್ಲಿನ ಮೆತ್ತೆಯೇ ಹೊರತು ಹುಲ್ಲುಗಾವಲಲ್ಲ. ಹಣ ಮತ್ತು ಯಂತ್ರದ ಅನುಕೂಲವಿರುವ ಕಡೆ ಮೇಲಿನ ಅರ್ಧ ಅಡಿ ಮಣ್ಣನ್ನೇ ಕೆತ್ತಿ ತೆಗೆಯುವುದೂ ಉಂಟು. ನೋಡುವವರಿಗೆ ಅದು ಅನಾಹುತದಂತೆ ಕಾಣಬಹುದು, ಆದರೆ ಐದು ವರ್ಷದ ಕೆಲಸ ಒಂದೇ ವಾರದಲ್ಲಿ ಮುಗಿಯುತ್ತದೆ.

ಯುರೋಪಿನ ಮೈದಾನಗಳಲ್ಲಿ ಹುಲ್ಲಿನ ಸೊಕ್ಕು ಮುರಿಯಲು ಯೆಲ್ಲೋ ರ‍್ಯಾಟಲ್ ಎಂಬ ಸಣ್ಣ ಹಳದಿ ಹೂವಿನ ಗಿಡವನ್ನು ಬಳಸುತ್ತಾರೆ. ಅದು ಅರೆ ಪರಾವಲಂಬಿ. ಒಮ್ಮೆ ಅದರ ಬೇರನ್ನು ಮಣ್ಣಿನಿಂದ ಬಿಡಿಸಿ, ನೀರಿನಲ್ಲಿ ತೊಳೆದು, ಭೂತಕನ್ನಡಿಯಲ್ಲಿ ನೋಡಿದ್ದೇನೆ. ಪಕ್ಕದ ಹುಲ್ಲಿನ ಬೇರನ್ನು ಅದು ಸಾಸಿವೆಗಿಂತಲೂ ಚಿಕ್ಕ ಬಿಳಿ ಗಂಟುಗಳಿಂದ ಕಚ್ಚಿ ಹಿಡಿದಿತ್ತು, ಅಲ್ಲಿಂದಲೇ ಅದರ ನೀರು ಮತ್ತು ಪೋಷಕಾಂಶಗಳನ್ನು ಹೀರುತ್ತಿತ್ತು. ಇದು ಒಂದೇ ವರ್ಷದ ಗಿಡ, ಬೀಜವೂ ಮಣ್ಣಿನಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ಬೀಜ ಉದುರುವ ಮುನ್ನ ಯಾರಾದರೂ ಯಂತ್ರ ಹರಿಸಿದರೆ ಮರುವರ್ಷ ಇಡೀ ಸಂತತಿಯೇ ನಾಪತ್ತೆ. ಇದನ್ನು ಅದರ ಸ್ವಂತ ನೆಲೆಯಲ್ಲದ ಕಡೆಗೆ ಒಯ್ಯಬೇಡಿ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

3. ಒಂಬತ್ತನೇ ಗುಳಿ

ನಾನು ಬರಿಯ ಆಟಗಾರ, ಸಸ್ಯಶಾಸ್ತ್ರ ನನಗೆ ತಿಳಿಯದು. ನಮ್ಮ ಮೈದಾನದಲ್ಲಿ ಹೀಗೆಯೇ ಪ್ರಕೃತಿಯ ಹೆಸರಿನಲ್ಲಿ ರಫ್ ಅನ್ನು ಬೆಳೆಯಲು ಬಿಟ್ಟಾಗ ಪ್ರತಿ ಸುತ್ತಿಗೂ ಮೂರು ನಾಲ್ಕು ಚೆಂಡು ಕಳೆದುಕೊಂಡು, ಹುಡುಕುತ್ತ ಹುಡುಕುತ್ತ ಹಿಂದಿನ ಗುಂಪಿನವರಿಂದ ಬೈಸಿಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ. ಎರಡೇ ವರ್ಷದಲ್ಲಿ ಸದಸ್ಯರ ಒತ್ತಾಯಕ್ಕೆ ಮಣಿದು ಎಲ್ಲವನ್ನೂ ಕತ್ತರಿಸಲಾಯಿತು. ನಿಮ್ಮ 14 ಎಕರೆಗೂ ಅದೇ ಗತಿ ಬರಬಾರದೆಂದರೆ ಆಟಗಾರರನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಿ.

4. ಹುಲ್ಲುಕತ್ತರಿ

ಒಂಬತ್ತನೇ ಗುಳಿಯವರ ದೂರು ನ್ಯಾಯವಾದದ್ದು, ಮತ್ತು ಅದರ ಉತ್ತರ ನಾನು ಮೇಲೆ ಹೇಳಿದ ಉಪವಾಸದಲ್ಲೇ ಇದೆ. ಚೆಂಡನ್ನು ನುಂಗುವುದು ಹುಲ್ಲಿನ ಎತ್ತರವಲ್ಲ, ಒತ್ತು. ಬಡ ನೆಲದಲ್ಲಿ ಗೊಂಚಲು ಗೊಂಚಲಾಗಿ, ನಡುನಡುವೆ ಬರಿಯ ಮಣ್ಣು ಕಾಣುವಂತೆ ಬೆಳೆಯುವ ಹುಲ್ಲು ಮಂಡಿಯೆತ್ತರವಿದ್ದರೂ ಚೆಂಡು ಸಿಗುತ್ತದೆ, ಹೊಡೆಯಲೂ ಬರುತ್ತದೆ. ಕೊಬ್ಬಿದ ನೆಲದ ಒಂದು ಗೇಣು ಹುಲ್ಲಿನಲ್ಲಿ ಕಾಲಡಿಯ ಚೆಂಡೂ ಕಾಣುವುದಿಲ್ಲ. ಆಟಗಾರನಿಗೆ ಹಿತವಾದ ತೆಳು ಹುಲ್ಲೇ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯ ಮರಿಗಳಿಗೂ ಹಿತ, ಏಕೆಂದರೆ ಅವು ಓಡಾಡಲು ಗೊಂಚಲುಗಳ ನಡುವೆ ದಾರಿ ಬೇಕು.

ಇದಕ್ಕೆ ಅಮೆರಿಕದ ಉತ್ತರ ಕೆರೊಲೈನಾದ ಪೈನ್‌ಹರ್ಸ್ಟ್ ಎರಡನೆಯ ಮೈದಾನಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಡೊನಾಲ್ಡ್ ರಾಸ್ ರೂಪಿಸಿದ ಆ ಮೈದಾನ 1907ರಲ್ಲಿ ಆರಂಭವಾದಾಗ ಮರಳು, ಪೈನ್ ಸೂಜಿಗಳು ಮತ್ತು ವೈರ್‌ಗ್ರಾಸ್ ಎಂಬ ತಂತಿಯಂಥ ಗೊಂಚಲು ಹುಲ್ಲಿನ ನಡುವೆ ಹಾದುಹೋಗುತ್ತಿತ್ತು. ಕಾಲಕ್ರಮೇಣ ಅಂಚಿನಿಂದ ಅಂಚಿಗೆ ಬರ್ಮುಡಾ ಹುಲ್ಲು ಹಬ್ಬಿತು. 2010 ಮತ್ತು 2011ರಲ್ಲಿ ಮೈದಾನ ವಿನ್ಯಾಸಕರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್ಶಾ ಅದನ್ನು ಹಿಂದಿನ ಸ್ಥಿತಿಗೆ ತರುವಾಗ ಸುಮಾರು 35 ಎಕರೆ ಹುಲ್ಲುಹಾಸನ್ನು ಕಿತ್ತು ಮರಳು ಮತ್ತು ವೈರ್‌ಗ್ರಾಸ್‌ಗೆ ಬಿಟ್ಟುಕೊಟ್ಟರು. ಸಾವಿರಕ್ಕೂ ಮಿಕ್ಕಿದ್ದ ನೀರಿನ ಚಿಮ್ಮುಗೊಳವೆಗಳು 450ರ ಆಸುಪಾಸಿಗೆ ಇಳಿದವು. 2014ರಲ್ಲಿ ಅದೇ ನೆಲದ ಮೇಲೆ ಪುರುಷರ ಮತ್ತು ಮಹಿಳೆಯರ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿಗಳೆರಡೂ ಒಂದರ ಹಿಂದೊಂದು ವಾರ ನಡೆದವು. ಆಟ ಕೆಟ್ಟಿತೆಂದು ಹೇಳುವವರಿಗೆ ಇಷ್ಟು ಸಾಕು.

ಕೆಲಸಕ್ಕೆ ಬರುವ ಒಂದು ಸಲಹೆ: ಎರಡು ವಾರಗಳ ಕಾಲ, ಚೆಂಡು ಹುಡುಕಲು ಜನ ಎಲ್ಲೆಲ್ಲಿ ನಡೆಯುತ್ತಾರೋ ಅಲ್ಲೆಲ್ಲ ನಕ್ಷೆಯ ಮೇಲೆ ಚುಕ್ಕೆ ಇಡಿ. ನಿಮ್ಮ 14 ಎಕರೆಯ ಗಡಿ ಬದಲಾಗುತ್ತದೆ ಎಂದು ಈಗಲೇ ಹೇಳಬಲ್ಲೆ.

5. ಮರಕುಟಿಗ

ಪೈನ್‌ಹರ್ಸ್ಟ್ ಪ್ರಸ್ತಾಪವಾದದ್ದರಿಂದ ಹಕ್ಕಿಯ ಕಡೆಯ ಕಥೆಯನ್ನೂ ಸೇರಿಸುತ್ತೇನೆ. ಆ ಪ್ರದೇಶದ ಲಾಂಗ್‌ಲೀಫ್ ಪೈನ್ ಕಾಡಿನಲ್ಲಿ ರೆಡ್-ಕಾಕೇಡೆಡ್ ಎಂಬ ಮರಕುಟಿಗವಿದೆ. ಬೇರೆ ಮರಕುಟಿಗಗಳು ಹೆಚ್ಚಾಗಿ ಸತ್ತ ಮರದಲ್ಲಿ ಪೊಟರೆ ಕೊರೆದರೆ ಇದು ಜೀವಂತ ಪೈನ್ ಮರದಲ್ಲೇ ಕೊರೆಯುತ್ತದೆ. ಅದಕ್ಕೆ ಎಂಬತ್ತು ನೂರು ವರ್ಷ ದಾಟಿದ, ತಿರುಳು ಶಿಲೀಂಧ್ರ ತಗುಲಿ ಮೆತ್ತಗಾದ ಮರವೇ ಬೇಕು, ಹಾಗಿದ್ದೂ ಒಂದು ಪೊಟರೆ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಪೊಟರೆಯ ಸುತ್ತ ಸಣ್ಣ ಸಣ್ಣ ತೂತು ಮಾಡಿ ಅಂಟು ಸುರಿಯುವಂತೆ ನೋಡಿಕೊಳ್ಳುತ್ತದೆ. ಕಾಂಡದ ಮೇಲೆ ಮೇಣದಬತ್ತಿ ಕರಗಿ ಇಳಿದಂತೆ ಕಾಣುವ ಆ ಬಿಳಿ ಅಂಟು ಮರ ಹತ್ತುವ ಹಾವುಗಳನ್ನು ತಡೆಯುತ್ತದೆ.

1970ರಲ್ಲಿ ಈ ಹಕ್ಕಿಯನ್ನು ಅಮೆರಿಕದಲ್ಲಿ ಅಳಿವಿನಂಚಿನ ಪ್ರಭೇದವೆಂದು ಘೋಷಿಸಿದ ಬಳಿಕ ಅಲ್ಲಿನ ಜಮೀನುದಾರರಿಗೆ ಹೊಸ ಭಯ ಹುಟ್ಟಿಕೊಂಡಿತು. ಹಕ್ಕಿ ಬಂದು ಕೂತರೆ ನಮ್ಮ ನೆಲ ನಮ್ಮ ಕೈತಪ್ಪುತ್ತದೆ ಎಂದುಕೊಂಡು, ಮರಗಳು ಹಕ್ಕಿಗೆ ತಕ್ಕಷ್ಟು ಮುದಿಯಾಗುವ ಮೊದಲೇ ಕಡಿದುಬಿಡುವವರಿದ್ದರು. ಇದನ್ನು ತಪ್ಪಿಸಲು 1995ರಲ್ಲಿ ‘ಸೇಫ್ ಹಾರ್ಬರ್’ ಎಂಬ ಒಪ್ಪಂದ ಬಂದಿತು. ಈಗಿರುವ ಹಕ್ಕಿಗಳ ಸಂಖ್ಯೆಗೆ ಧಕ್ಕೆ ತಾರದಿದ್ದರೆ ಸಾಕು, ನೀವು ಮಾಡಿದ ಒಳ್ಳೆಯ ಕೆಲಸದಿಂದ ಮುಂದೆ ಹೆಚ್ಚು ಹಕ್ಕಿಗಳು ಬಂದರೂ ನಿಮ್ಮ ಮೇಲೆ ಹೊಸ ನಿರ್ಬಂಧ ಹೇರುವುದಿಲ್ಲ ಎಂಬುದು ಅದರ ಸಾರ. ಅದಕ್ಕೆ ಮೊಟ್ಟಮೊದಲು ಸೇರಿದ್ದು ಪೈನ್‌ಹರ್ಸ್ಟ್ ರೆಸಾರ್ಟ್, ಅಂದರೆ ಒಂದು ಗಾಲ್ಫ್ ಸಂಸ್ಥೆ. ಈ ಮರಕುಟಿಗದ ದರ್ಜೆಯನ್ನು 2024ರಲ್ಲಿ ‘ಅಳಿವಿನಂಚು’ ಎಂಬುದರಿಂದ ‘ಅಪಾಯದಲ್ಲಿರುವ’ ಎಂಬ ಮಟ್ಟಕ್ಕೆ ಇಳಿಸಲಾಯಿತು. ಅದರ ಶ್ರೇಯಸ್ಸೆಲ್ಲ ಗಾಲ್ಫ್‌ಗೆ ಸಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಸೇನಾ ನೆಲೆಗಳ ಮತ್ತು ಸರ್ಕಾರಿ ಕಾಡುಗಳ ಪಾಲು ಬಹಳ ದೊಡ್ಡದು.

ಇನ್ನೊಂದು ಮಾತು ಬೆಂಕಿಯ ಬಗ್ಗೆ. ವೈರ್‌ಗ್ರಾಸ್ ಚೆನ್ನಾಗಿ ಹೂಬಿಟ್ಟು ಬೀಜ ಕಟ್ಟಬೇಕಾದರೆ ಬೆಳೆಯುವ ಋತುವಿನಲ್ಲಿ ಬೆಂಕಿ ಹಾಯಬೇಕು. ವರ್ಷಗಟ್ಟಲೆ ಬೆಂಕಿ ಕಾಣದ ಗೊಂಚಲು ಬದುಕಿರುತ್ತದೆ, ಆದರೆ ಮಕ್ಕಳಿಲ್ಲದ ಮನೆಯಂತಿರುತ್ತದೆ. ನಿಮ್ಮ ನೆಲದ ಹುಲ್ಲು ಬೆಂಕಿಗೆ ಒಗ್ಗಿದ್ದೋ ಮೇಯುವ ಪ್ರಾಣಿಗೆ ಒಗ್ಗಿದ್ದೋ ಎಂದು ತಿಳಿಯದೆ ನಿರ್ವಹಣೆಯ ಯೋಜನೆ ಬರೆಯಲಾಗದು.

6. ಎದುರುಮಾತು

ಇಷ್ಟು ಹೊತ್ತು ಕೇಳಿಸಿಕೊಂಡೆ. ನನ್ನ ತಕರಾರು ಬುಡಕ್ಕೇ ಸಂಬಂಧಿಸಿದ್ದು. 150 ಎಕರೆಯಲ್ಲಿ 14 ಎಕರೆಯನ್ನು ಬಿಟ್ಟುಕೊಟ್ಟು ಉಳಿದ 136 ಎಕರೆಗೆ ‘ಹಸಿರು’ ಎಂಬ ಹಣೆಪಟ್ಟಿ ಹಚ್ಚಿಕೊಳ್ಳುವುದು ಎಷ್ಟರ ಮಟ್ಟಿಗೆ ಸರಿ? 1984ರಲ್ಲಿ ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡಿನ ಒಂದು ಮೈದಾನದಲ್ಲಿ ಡಯಾಜಿನಾನ್ ಎಂಬ ಕೀಟನಾಶಕ ಸಿಂಪಡಿಸಿದ ಹುಲ್ಲನ್ನು ಮೇದು ಏಳುನೂರರಷ್ಟು ಬ್ರ್ಯಾಂಟ್ ಹೆಬ್ಬಾತುಗಳು ಸತ್ತವು, ಆ ವಿಷವನ್ನು ಗಾಲ್ಫ್ ಮೈದಾನಗಳಲ್ಲಿ ನಿಷೇಧಿಸಲು ಆ ದಶಕದ ಕೊನೆಯವರೆಗೂ ಕಾಯಬೇಕಾಯಿತು. ಸ್ಕಾಟ್ಲೆಂಡಿನ ಫೋವೆರನ್ ಲಿಂಕ್ಸ್ ಎಂಬ ಕಡಲತೀರದ ಮರಳುದಿಬ್ಬಗಳಿಗೆ ವಿಶೇಷ ವೈಜ್ಞಾನಿಕ ಮಹತ್ವದ ತಾಣವೆಂಬ ರಕ್ಷಣೆಯಿತ್ತು. ಗಾಳಿಗೆ ಸರಿದಾಡುವುದೇ ಆ ದಿಬ್ಬಗಳ ಜೀವಾಳವಾಗಿತ್ತು. ಮೈದಾನಕ್ಕಾಗಿ ಅವುಗಳನ್ನು ಕದಲದಂತೆ ಮಾಡಲಾಯಿತು, 2020ರ ಡಿಸೆಂಬರಿನಲ್ಲಿ ಆ ರಕ್ಷಿತ ಸ್ಥಾನವನ್ನೇ ತೆಗೆದುಹಾಕಲಾಯಿತು; ರಕ್ಷಣೆಗೆ ಕಾರಣವಾಗಿದ್ದ ವೈಶಿಷ್ಟ್ಯ ಸಾಕಷ್ಟು ಉಳಿದಿಲ್ಲವೆಂಬುದೇ ಕಾರಣ.

ನಿಜವಾದ ಪುನಶ್ಚೇತನ ನಡೆದಿರುವುದು ಆಟವೇ ನಿಂತ ಕಡೆಗಳಲ್ಲಿ. ಒಹಾಯೊದ ಕ್ಲೀವ್‌ಲ್ಯಾಂಡ್ ಬಳಿಯ ಅಕೇಶಿಯಾ ಕ್ಲಬ್ಬಿನ 155 ಎಕರೆ 2012ರಲ್ಲಿ ಸಾರ್ವಜನಿಕ ಉದ್ಯಾನವಾದ ಮೇಲೆ ಅಲ್ಲಿನ ಭೂಗತ ಬಸಿಗಾಲುವೆಗಳನ್ನು ಒಡೆದು ನೀರು ಮತ್ತೆ ನೆಲದಲ್ಲಿ ನಿಲ್ಲುವಂತೆ ಮಾಡಿದರು. ಕ್ಯಾಲಿಫೋರ್ನಿಯಾದ ಸಾನ್ ಜೆರೊನಿಮೊ ಮೈದಾನವನ್ನು 2018ರಲ್ಲಿ ಒಂದು ಭೂಸಂರಕ್ಷಣಾ ಸಂಸ್ಥೆ ಕೊಂಡುಕೊಂಡಿತು. ಅದರ ನಡುವೆ ಹರಿಯುವ ಹೊಳೆಯಲ್ಲಿ ಅಳಿವಿನಂಚಿನ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಏರಿಬರುತ್ತವೆ. ಇವುಗಳಿಗಿಂತ ಸಾಂಟಾ ಬಾರ್ಬರಾದ ಓಷನ್ ಮೆಡೋಸ್ ಇನ್ನೂ ಸ್ಪಷ್ಟ ನಿದರ್ಶನ: 1960ರ ದಶಕದಲ್ಲಿ ಅಕ್ಕಪಕ್ಕದ ದಿನ್ನೆಗಳ ಮಣ್ಣನ್ನು ಕಡಲಿಗೆ ಹೊಂದಿದ ಜವುಗಿನೊಳಗೆ ನೂಕಿ ಒಂಬತ್ತು ಗುಳಿಗಳ ಮೈದಾನ ಮಾಡಿದ್ದರು. ಅಲ್ಲಿನ ವಿಶ್ವವಿದ್ಯಾಲಯ ಅದೇ ಮಣ್ಣನ್ನು ಅಗೆದು ತೆಗೆದು ಮತ್ತೆ ದಿನ್ನೆಗೆ ಸೇರಿಸಿತು, ಕಡಲ ನೀರು ಹಳೆಯ ದಾರಿಯಲ್ಲಿ ಒಳಬಂದಿತು.

ಇನ್ನು ಪ್ರಮಾಣಪತ್ರಗಳ ಮಾತು. 1991ರಿಂದ ಗಾಲ್ಫ್ ಮೈದಾನಗಳಿಗೆ ಮಾನ್ಯತೆ ಕೊಡುತ್ತಿರುವ ಆಡುಬಾನ್ ಇಂಟರ್‌ನ್ಯಾಶನಲ್ ಎಂಬುದು, ಹಕ್ಕಿಗಳ ರಕ್ಷಣೆಗೆ ಹೆಸರಾದ ನ್ಯಾಶನಲ್ ಆಡುಬಾನ್ ಸೊಸೈಟಿಯಲ್ಲ. ಎರಡೂ ಬೇರೆ ಬೇರೆ ಸಂಸ್ಥೆಗಳು ಎಂಬುದು ಆ ಮಾನ್ಯತೆಯ ಫಲಕ ನೋಡುವ ಎಷ್ಟು ಮಂದಿಗೆ ಗೊತ್ತು?

7. ಅಂಚಿನಹುಲ್ಲು

ಎದುರುಮಾತು ಅವರ ಪ್ರಶ್ನೆ ಕಟುವಾಗಿದ್ದರೂ ಬೇಕಾದದ್ದೇ. ಮೈದಾನವನ್ನು ಮುಚ್ಚುವ ಅಧಿಕಾರ ನನಗಿಲ್ಲ, ಮುಚ್ಚಬೇಕೆಂಬ ಇಚ್ಛೆಯೂ ಇಲ್ಲ. ನನ್ನ ಕೈಯಲ್ಲಿರುವುದು ಈ 14 ಎಕರೆ ಮತ್ತು ಐದು ವರ್ಷ. ಫಲಕ, ಪ್ರಮಾಣಪತ್ರಗಳ ಗೋಜಿಗೆ ಸದ್ಯಕ್ಕೆ ಹೋಗುವುದಿಲ್ಲ. ನಮ್ಮಲ್ಲಿ ಎರಡು ಕೊಳಗಳೂ ಇವೆ ಎಂದು ಮೊದಲೇ ಹೇಳಬೇಕಿತ್ತು. ಎರಡರ ದಡವನ್ನೂ ನೀರಿನ ಅಂಚಿನವರೆಗೆ ನುಣ್ಣಗೆ ಕತ್ತರಿಸಿಡುವ ಪದ್ಧತಿಯಿದೆ.

8. ಕೆರೆಯಂಚು

ಕೊಳಗಳಿದ್ದರೆ ಅಲ್ಲಿಂದಲೇ ಆರಂಭಿಸಿ, ಏಕೆಂದರೆ ಫಲ ಬೇಗ ಕಾಣುವುದು ನೀರಿನಲ್ಲಿ. ಸ್ಟಾಕ್‌ಹೋಮ್ ಸುತ್ತಲಿನ ಗಾಲ್ಫ್ ಕೊಳಗಳನ್ನು ಅಧ್ಯಯನ ಮಾಡಿದ ಯೋಹಾನ್ ಕೋಲ್ಡಿಂಗ್ ಮತ್ತು ಸಂಗಡಿಗರಿಗೆ ಯುರೋಪಿನಲ್ಲಿ ಕಾನೂನಿನ ರಕ್ಷಣೆಯಿರುವ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಎಂಬ ಉಭಯವಾಸಿಯೂ ಅಲ್ಲಿ ಸಿಕ್ಕಿತು. ಹಾಗೆಂದು ಎಲ್ಲ ಕೊಳವೂ ಕಪ್ಪೆಗೆ ಮನೆಯಾಗುವುದಿಲ್ಲ. ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕು.

ದಡ ಕಡಿದಾಗಿ ಬಟ್ಟಲಿನಂತಿದ್ದರೆ ಸಸ್ಯಗಳಿಗೆ ಬೇರೂರಲು ಜಾಗವಿರದು. ಒಂದು ಬದಿಯಲ್ಲಾದರೂ ಮೊಣಕಾಲಿಗಿಂತ ಕಡಿಮೆ ಆಳದ ಅಗಲವಾದ ಮೆಟ್ಟಿಲು ಬೇಕು. ಮೀನು ಬಿಟ್ಟಿದ್ದರೆ ಕಪ್ಪೆಯ ಮತ್ತು ನ್ಯೂಟಿನ ಮೊಟ್ಟೆ, ಮರಿಗಳನ್ನು ಅವು ಉಳಿಸುವುದಿಲ್ಲ. ಸೊಳ್ಳೆ ತಿನ್ನಲೆಂದು ಬಿಟ್ಟ ಮೀನು ಸೊಳ್ಳೆಯನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಯನ್ನೂ ಬಿಡುವುದಿಲ್ಲ, ಆಮೇಲೆ ಸೊಳ್ಳೆ ಹೆಚ್ಚಾಯಿತೆಂದು ಇನ್ನಷ್ಟು ಮೀನು ತರಿಸುವವರನ್ನೂ ಕಂಡಿದ್ದೇನೆ. ಎರಡು ಕೊಳಗಳಿರುವುದರಿಂದ ಒಂದನ್ನಾದರೂ ಮೀನಿಲ್ಲದಂತೆ ಮಾಡಿ. ಬೇಸಿಗೆಯ ಕೊನೆಗೆ ಅದು ಒಣಗಿದರೂ ಚಿಂತೆಯಿಲ್ಲ, ಒಣಗುವ ಕೊಳದಲ್ಲಿ ಮೀನು ಉಳಿಯದು ಎಂಬುದೇ ಅನೇಕ ಕಪ್ಪೆಗಳಿಗೆ ವರ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಕಪ್ಪೆ ನೀರಿನಲ್ಲಿ ಹುಟ್ಟಿ ನೆಲದಲ್ಲಿ ಬಾಳುವ ಜೀವಿ. 2003ರಲ್ಲಿ ಸೆಮ್ಲಿಚ್ ಮತ್ತು ಬೋಡಿ ಎಂಬ ವಿಜ್ಞಾನಿಗಳು ಅನೇಕ ಅಧ್ಯಯನಗಳನ್ನು ಕ್ರೋಡೀಕರಿಸಿ, ಉಭಯವಾಸಿಗಳಿಗೆ ನೀರಿನಂಚಿನಿಂದ ಸುಮಾರು 160ರಿಂದ 290 ಮೀಟರ್‌ವರೆಗಿನ ನೆಲವೂ ಆವಾಸದ ಭಾಗವೇ ಎಂದು ತೋರಿಸಿದರು. ದಡದಲ್ಲಿ ಮೂರು ಮೀಟರ್ ಹುಲ್ಲು ಬಿಟ್ಟು ಕೈತೊಳೆದುಕೊಂಡರೆ ಅದು ಕಪ್ಪೆಗೆ ಬಾಗಿಲು ಕೊಟ್ಟು ಮನೆ ಕೊಡದಂತೆ. ನಿಮ್ಮ 14 ಎಕರೆಯಲ್ಲಿ ಯಾವ ತುಂಡು ಕೊಳದಿಂದ ಕಾಡಂಚಿನವರೆಗೆ ಒಂದೇ ಎಳೆಯಾಗಿ ಸಾಗುತ್ತದೆಯೋ ಅದಕ್ಕೆ ಮೊದಲ ಆದ್ಯತೆ ಕೊಡಿ.

ದಡದ ಹುಲ್ಲನ್ನು ಎತ್ತರಕ್ಕೆ ಬಿಡುವುದರಿಂದ ಆಟಗಾರರಿಗೂ ಲಾಭವಿದೆ. ಹೆಬ್ಬಾತುಗಳು ನೀರಿನಿಂದ ನೇರವಾಗಿ ನುಣುಪಾದ ಹುಲ್ಲಿಗೆ ನಡೆದುಬರಲು ಇಷ್ಟಪಡುತ್ತವೆ. ನಡುವೆ ಹೊಂಚುಹಾಕಿ ಕುಳಿತ ಪ್ರಾಣಿ ಕಾಣದಷ್ಟು ಎತ್ತರದ ಹುಲ್ಲಿದ್ದರೆ ಹಿಂಜರಿಯುತ್ತವೆ. ಗ್ರೀನ್ ಮೇಲಿನ ಹಿಕ್ಕೆಯ ರಾಶಿ ಕಡಿಮೆಯಾಗುವುದನ್ನು ಸಮಿತಿಗೆ ತೋರಿಸಿ, ಅವರಿಗೆ ಬೇರೆ ವಿವರಣೆ ಬೇಕಾಗದು.

9. ಬೀಜದ ಚೀಲ

ನಾನು ಸಸ್ಯಗಳನ್ನು ಓದಿಕೊಂಡವಳು. ಇಲ್ಲಿ ಎಲ್ಲರೂ ಏನು ತರಬೇಕು, ಏನು ತೆಗೆಯಬೇಕು ಎಂದು ಮಾತಾಡುತ್ತಿದ್ದಾರೆ. ಈಗಾಗಲೇ ಏನಿದೆ ಎಂದು ಯಾರೂ ಕೇಳಿಲ್ಲ. ವಾರಕ್ಕೊಮ್ಮೆ ಕತ್ತರಿಸುವ ನೆಲದಲ್ಲಿ ಅಪರೂಪದ ಗಿಡವೊಂದು ಹೂಬಿಡದೆ, ನಾಲ್ಕು ಎಲೆಗಳನ್ನು ನೆಲಕ್ಕೆ ಒತ್ತಿಕೊಂಡು ಇಪ್ಪತ್ತು ವರ್ಷ ಕಳೆದಿರಬಹುದು. ಇಂಗ್ಲೆಂಡಿನಲ್ಲಿ ಹಲ್ಲಿಯ ಆಕಾರದ ಹೂವಿನ ಲಿಝರ್ಡ್ ಆರ್ಕಿಡ್ ಅತಿ ಹೆಚ್ಚಾಗಿ ಇರುವುದು ಸ್ಯಾಂಡ್‌ವಿಚ್ ಕೊಲ್ಲಿಯ ಗಾಲ್ಫ್ ಮೈದಾನಗಳ ಒರಟು ಹುಲ್ಲಿನಲ್ಲಿ. ಸುತ್ತಲಿನ ನೆಲವೆಲ್ಲ ಉಳುಮೆಗೆ ಸಿಕ್ಕರೂ ಆ ಮರಳುನೆಲ ಆಟದ ಕಾರಣಕ್ಕೆ ಉಳಿಯಿತು. ಆದ್ದರಿಂದ ಮೊದಲ ವರ್ಷ ಹತ್ತು ಹನ್ನೆರಡು ಕಡೆ, ಕೋಣೆಯಷ್ಟಗಲದ ಚೌಕಗಳನ್ನು ಕತ್ತರಿಸದೆ ಬಿಟ್ಟು ಏನು ಹೂಬಿಡುತ್ತದೆ ಎಂದು ನೋಡಿ. ಮಣ್ಣಿನೊಳಗಿನ ಬೀಜವೂ ಇದೆ: ಹೀದರ್ ಗಿಡದ ಬೀಜ ದಶಕಗಳ ಕಾಲ ಮಲಗಿದ್ದು, ಮೇಲಿನ ಮರಗಳನ್ನು ತೆಗೆದು ಮಣ್ಣನ್ನು ಕೆದಕಿದೊಡನೆ ಮೊಳೆಯುತ್ತದೆ. ಲಂಡನ್ ಸುತ್ತಲಿನ ಹೀತ್ (ಹೀದರ್‌ನಂಥ ಕುರುಚಲು ಗಿಡಗಳ ಬಯಲು) ಮೈದಾನಗಳಲ್ಲಿ ಬರ್ಚ್ ಮತ್ತು ಪೈನ್ ಮರಗಳನ್ನು ಕಡಿಯುವುದೇ ಸಂರಕ್ಷಣೆ. ಮರ ಕಡಿದರೆ ಕೂಗಾಡುವ ಪರಿಸರಪ್ರೇಮಿಗಳಿಗೆ ಇದನ್ನು ಅರ್ಥಮಾಡಿಸುವಷ್ಟರಲ್ಲಿ ನಾನು ಹಲವು ಸಲ ಸೋತಿದ್ದೇನೆ.

‘ಸ್ಥಳೀಯ’ ಎಂಬ ಪದವನ್ನೂ ಎಚ್ಚರದಿಂದ ಬಳಸಬೇಕು. 2018ರಲ್ಲಿ ಆರಂಭವಾದ ‘ಮೊನಾರ್ಕ್ಸ್ ಇನ್ ದ ರಫ್’ ಎಂಬ ಯೋಜನೆ ಉತ್ತರ ಅಮೆರಿಕದ ಗಾಲ್ಫ್ ಮೈದಾನಗಳಲ್ಲಿ ಮೊನಾರ್ಕ್ ಚಿಟ್ಟೆಗಾಗಿ ಮಿಲ್ಕ್‌ವೀಡ್ ಬೆಳೆಸಲು ಪ್ರೋತ್ಸಾಹಿಸುತ್ತದೆ. ಮಿಲ್ಕ್‌ವೀಡ್ ನಮ್ಮ ಎಕ್ಕದ ಹತ್ತಿರದ ಸಂಬಂಧಿ, ಮುರಿದರೆ ಅದೇ ಬಿಳಿ ಹಾಲು. ನರ್ಸರಿಗಳಲ್ಲಿ ಸುಲಭವಾಗಿ ಸಿಗುವುದು ಉಷ್ಣವಲಯದ ಕೆಂಪು ಹಳದಿ ಹೂವಿನ ಜಾತಿ. ಚಳಿ ಕಡಿಮೆಯಿರುವ ಕಡೆ ಅದು ಚಳಿಗಾಲದಲ್ಲೂ ಒಣಗದೆ ನಿಲ್ಲುತ್ತದೆ, ಎಲೆಯ ಮೇಲೆ ಪರೋಪಜೀವಿಯ ಬೀಜಕಗಳು ಪೀಳಿಗೆಯಿಂದ ಪೀಳಿಗೆಗೆ ಕೂಡುತ್ತ ಹೋಗುತ್ತವೆ. ಹುಳು ಅವನ್ನು ತಿಂದು ಬೆಳೆಯುತ್ತದೆ, ಕೋಶದಿಂದ ಹೊರಬಂದ ಚಿಟ್ಟೆಯ ರೆಕ್ಕೆ ಸುಕ್ಕುಗಟ್ಟಿರುತ್ತದೆ. ಸ್ಥಳೀಯ ಮಿಲ್ಕ್‌ವೀಡ್ ಪ್ರತಿವರ್ಷ ಬುಡದವರೆಗೆ ಒಣಗುವುದರಿಂದ ರೋಗವೂ ಅದರೊಂದಿಗೆ ಹೋಗುತ್ತದೆ. ಚಿಟ್ಟೆಗೆಂದು ನೆಟ್ಟ ಗಿಡವೇ ಚಿಟ್ಟೆಗೆ ಮುಳುವಾಗುವುದು ಹೀಗೆ. ಬೀಜ ಬೇಕೇ ಬೇಕೆಂದರೆ, ಅದೇ ಬಗೆಯ ಮಣ್ಣಿರುವ ಹತ್ತಿರದ ಹುಲ್ಲುಗಾವಲಿನಿಂದ ಬೀಜ ಬಲಿತ ಹುಲ್ಲನ್ನು ಅನುಮತಿ ಪಡೆದು ಕತ್ತರಿಸಿ ತಂದು, ಕೆದಕಿದ ನೆಲದ ಮೇಲೆ ಹರಡಿ.

10. ಎದುರುಮಾತು

ಬೀಜದ ಚೀಲ ಅವರ ಬರಹ ಓದಿದ ಮೇಲೆ ನನ್ನ ನಿಲುವನ್ನು ಸ್ವಲ್ಪ ಸಡಿಲಿಸುತ್ತೇನೆ, ಪೂರ್ತಿಯಾಗಿ ಅಲ್ಲ. ಕೋಲ್ಡಿಂಗ್ ಮತ್ತು ಫೋಲ್ಕೆ ಎಂಬ ವಿಜ್ಞಾನಿಗಳು 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಹೋಲಿಸಿದ ಪ್ರಕರಣಗಳಲ್ಲಿ ಶೇ. 64ರಷ್ಟರಲ್ಲಿ ಗಾಲ್ಫ್ ಮೈದಾನದ ಪರಿಸರ ಮೌಲ್ಯವೇ ಹೆಚ್ಚಿತ್ತು ಎಂದರು. ಈ ಅಂಕಿಯನ್ನು ಗಾಲ್ಫ್ ಪರ ಮಾತಾಡುವವರು ಎಲ್ಲೆಡೆ ಎತ್ತಿ ಹಿಡಿಯುತ್ತಾರೆ. ಯಾವುದಕ್ಕೆ ಹೋಲಿಸಿದರೆ ಎಂಬ ಪ್ರಶ್ನೆಯೇ ಮುಖ್ಯ: ಒಂದೇ ಬೆಳೆಯ ಹೊಲಕ್ಕೋ ಕಾಂಕ್ರೀಟು ತುಂಬಿದ ಬಡಾವಣೆಗೋ ಹೋಲಿಸಿದರೆ ಮೈದಾನ ಗೆಲ್ಲುತ್ತದೆ, ಸಹಜ ಕಾಡಿಗೋ ಹುಲ್ಲುಗಾವಲಿಗೋ ಹೋಲಿಸಿದರೆ ಹೆಚ್ಚಾಗಿ ಸೋಲುತ್ತದೆ. ಹೊಸ ಮೈದಾನಕ್ಕಾಗಿ ಒಳ್ಳೆಯ ನೆಲವನ್ನು ಕೆಡವಲು ಈ ಅಂಕಿ ಸಮರ್ಥನೆಯಾಗದು. ಎಂದೋ ಆಗಿಹೋದ ಮೈದಾನವನ್ನು ಸುಧಾರಿಸಲು ಆಗಬಹುದು, ಮತ್ತು ಅಂಚಿನಹುಲ್ಲು ಅವರದು ಎರಡನೆಯ ಬಗೆಯದೆಂದು ಒಪ್ಪುತ್ತೇನೆ.

ಒಂದು ಷರತ್ತು ಮಾತ್ರ. ಏನಾದರೂ ಮಾಡುವ ಮುನ್ನ ಎಣಿಸಿ, ಮತ್ತು ಬದಲಾಯಿಸದೆ ಉಳಿಸಿದ ಇನ್ನೊಂದು ತುಂಡನ್ನೂ ಅಷ್ಟೇ ಶ್ರದ್ಧೆಯಿಂದ ಎಣಿಸಿ. ಎಷ್ಟು ಬಗೆಯ ಹಕ್ಕಿ ಕಂಡವು ಎಂಬ ಪಟ್ಟಿ ಸಾಲದು, ಹಾರಿಹೋಗುವ ಹಕ್ಕಿಯೂ ಪಟ್ಟಿಗೆ ಸೇರುತ್ತದೆ. ಎಷ್ಟು ಗೂಡುಗಳಿಂದ ಮರಿಗಳು ಹಾರಿದವು ಎಂಬುದನ್ನು ನೋಡಿ.

11. ಹುಲ್ಲುಕತ್ತರಿ

ಗೂಡಿನ ಮಾತು ಬಂದದ್ದರಿಂದ ನನ್ನ ಹಳೆಯ ಗಾಯವೊಂದನ್ನು ಬರೆದುಬಿಡುತ್ತೇನೆ. ನಾಲ್ಕು ವರ್ಷ ಉಪವಾಸ ಕೆಡವಿ ಸಿದ್ಧಪಡಿಸಿದ್ದ ಆರು ಎಕರೆಯಲ್ಲಿ ಐದನೆಯ ವರ್ಷ ಬಾನಾಡಿಗಳು ನೆಲಗೂಡು ಕಟ್ಟಿದ್ದವು. ಅದೇ ವರ್ಷ ಸಮಿತಿ ಬದಲಾಯಿತು. ದೊಡ್ಡ ಪಂದ್ಯವೊಂದರ ಹಿಂದಿನ ವಾರ, ನಾನು ರಜೆಯಲ್ಲಿದ್ದಾಗ, ‘ಮೈದಾನ ಅಚ್ಚುಕಟ್ಟಾಗಿ ಕಾಣಲಿ’ ಎಂಬ ಒಂದೇ ಮಾತಿನ ಮೇಲೆ ಇಡೀ ಆರು ಎಕರೆಗೆ ಯಂತ್ರ ಹರಿಯಿತು. ಯಂತ್ರ ಓಡಿಸಿದ ಹುಡುಗನನ್ನು ನಾನು ದೂರುವುದಿಲ್ಲ, ಅದು ಬಿಡಬೇಕಾದ ನೆಲವೆಂದು ಅವನಿಗೆ ಹೇಳುವ ಒಂದು ಕಾಗದವೂ ಇರಲಿಲ್ಲ. ಎಲ್ಲವೂ ನನ್ನ ತಲೆಯಲ್ಲಿತ್ತು, ತಪ್ಪು ಅಲ್ಲೇ ಇತ್ತು.

ಆದ್ದರಿಂದ ಮೂರು ವಸ್ತುಗಳು ನಿಮ್ಮ ಉಪಕರಣದ ಕೋಣೆಯ ಗೋಡೆಯ ಮೇಲೆ ಇರಲಿ: ತುಂಡುಗಳ ನಕ್ಷೆ, ಯಾವ ತಿಂಗಳು ಯಾವ ತುಂಡಿಗೆ ಯಂತ್ರ ಹೋಗಬಹುದೆಂಬ ಪಟ್ಟಿ, ಮತ್ತು ಆ ಪಟ್ಟಿಯನ್ನು ಬದಲಿಸಬೇಕಾದರೆ ಯಾರ ಸಹಿ ಬೇಕೆಂಬ ಒಂದು ಸಾಲು. ಜೊತೆಗೆ, ಬಿಟ್ಟ ನೆಲದ ಅಂಚಿನಲ್ಲಿ ಒಂದೂವರೆ ಮೀಟರ್ ಅಗಲದ ಪಟ್ಟಿಯನ್ನು ಮಾತ್ರ ನೀಟಾಗಿ ಕತ್ತರಿಸಿಡಿ. ಅಂಚು ನೇರವಾಗಿದ್ದರೆ ಒಳಗಿನ ಕಾಡು ಉದ್ದೇಶಪೂರ್ವಕವೆಂದು ನೋಡುವವರಿಗೆ ತಿಳಿಯುತ್ತದೆ. ಇಲ್ಲದಿದ್ದರೆ ಅದನ್ನು ಸೋಮಾರಿತನ ಎನ್ನುತ್ತಾರೆ.

12. ಅಂಚಿನಹುಲ್ಲು

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಚುಕ್ಕೆಗಳ ನಕ್ಷೆ ಸಿದ್ಧವಾಯಿತು. ಹುಲ್ಲುಕತ್ತರಿ ಹೇಳಿದಂತೆಯೇ ಗಡಿ ಬದಲಾಯಿತು: ಆಟಕ್ಕೆ ಬಾರದ್ದೆಂದು ನಾವು ನಂಬಿದ್ದ 14 ಎಕರೆಯಲ್ಲಿ ಸುಮಾರು 5 ಎಕರೆ ಎಡಗೈ ಆಟಗಾರರ ಚೆಂಡು ನಿತ್ಯ ಬೀಳುವ ಜಾಗವಾಗಿತ್ತು, ಅದನ್ನು ಕೈಬಿಟ್ಟೆವು. ಉಳಿದ 9 ಎಕರೆಯಲ್ಲಿ ಸಣ್ಣ ಕೊಳದಿಂದ ಕಾಡಂಚಿನವರೆಗೆ ಹೋಗುವ 4 ಎಕರೆಯ ಪಟ್ಟಿಯನ್ನು ಮೊದಲು ತೆಗೆದುಕೊಳ್ಳುತ್ತೇವೆ, 2 ಎಕರೆಯನ್ನು ಹೋಲಿಕೆಗಾಗಿ ಈಗಿರುವಂತೆಯೇ ಉಳಿಸುತ್ತೇವೆ. ಅಲ್ಲಿಯ ನೀರಿನ ಕವಾಟಗಳನ್ನು ಮುಚ್ಚಲಾಯಿತು. ಕವಾಟ ಮುಚ್ಚಿದ ಎಂಟು ದಿನಕ್ಕೆ, ಸಹಜ ಜವುಗೆಂದು ನಾನು ಬಹಳ ಸಂಭ್ರಮಪಟ್ಟಿದ್ದ ಒಂದು ಮೂಲೆ ಪೂರ್ತಿ ಒಣಗಿತು. ಅದು ಒಡೆದ ಕೊಳವೆಯ ಕರಾಮತ್ತು.

ಬೀಜದ ಚೀಲ ಅವರ ಮಾತಿನಂತೆ ಇಡೀ ನೆಲವನ್ನು ಮೂರು ಮುಂಜಾನೆ ನಡೆದು ನೋಡಿದೆವು. ಕೊಬ್ಬಿದ ಹುಲ್ಲಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಸಿಕ್ಕಿದ್ದು, ಬಂಕರುಗಳಿಗೆ (ಆಟದ ಮರಳುಗುಂಡಿಗಳಿಗೆ) ಮರಳು ತರುವ ವಾಹನ ತಿರುಗಿಸುವ ಮೂಲೆಯಲ್ಲಿ. ಚಕ್ರಕ್ಕೆ ಸಿಕ್ಕಿ ಮೇಲ್ಮಣ್ಣೆಲ್ಲ ಕಿತ್ತುಹೋದ, ನಾವೆಲ್ಲ ಮೈದಾನದ ಕಲೆಯೆಂದು ಕರೆಯುತ್ತಿದ್ದ ಆ ಬೋಳು ತುಂಡಿನ ಅಂಚಿನಲ್ಲಿ, ಬೇರೆಲ್ಲೂ ಇಲ್ಲದ ಏಳು ಬಗೆಯ ಗಿಡಗಳಿದ್ದವು. ಬಿಸಿಲು ಬೀಳುವ ಕಡೆಯ ಗಟ್ಟಿ ಮರಳಿನಲ್ಲಿ ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳು, ಪ್ರತಿ ತೂತಿನ ಬಾಯಲ್ಲಿ ಪುಡಿ ಮಣ್ಣಿನ ಚಿಕ್ಕ ಉಂಗುರ. ಅರ್ಧ ಗಂಟೆ ಕುಕ್ಕರಗಾಲಲ್ಲಿ ಕುಳಿತ ಮೇಲೆ ಹಿಂಗಾಲುಗಳಿಗೆ ಹಳದಿ ಪರಾಗ ಮೆತ್ತಿಕೊಂಡ ಒಂಟಿ ಜೇನೊಂದು ಬಂದು, ಎರಡು ಸುತ್ತು ಹಾಕಿ, ತನ್ನ ತೂತನ್ನೇ ಗುರುತಿಸಿ ಒಳಗೆ ಇಳಿಯಿತು. ನಲವತ್ತಮೂರು ತೂತುಗಳನ್ನು ಎಣಿಸಿದ್ದೇನೆ. ಎದುರುಮಾತು ಅವರು ಇದನ್ನು ಆರಂಭದ ಎಣಿಕೆಯೆಂದು ಬರೆದಿಟ್ಟುಕೊಳ್ಳಬಹುದು.

ಗಿಡಗಳ ಎಲೆ ಮತ್ತು ಹೂವಿನ ಚಿತ್ರಗಳನ್ನು ಬೀಜದ ಚೀಲ ಅವರಿಗೆ ಪ್ರತ್ಯೇಕವಾಗಿ ಕಳುಹಿಸುತ್ತೇನೆ, ಎರಡನ್ನು ನನಗೆ ಗುರುತಿಸಲಾಗಲಿಲ್ಲ. ಆ ಮೂಲೆಯನ್ನು ‘ಸರಿಪಡಿಸಲು’ ಮುಂದಿನ ಸೋಮವಾರ ಬರಬೇಕಿದ್ದ ಎರಡು ಲೋಡು ಮಣ್ಣನ್ನು ಬೇಡವೆಂದು ತಿಳಿಸಿದ್ದೇವೆ.